ಬಿಡುವಿನ ಹವ್ಯಾಸ: ಕರಿಬೇವಿನ ಹುಳುವಿಗೆ ಯಾವ ಲೆನ್ಸು?



ಈ ಸಲ ನನ್ನ ಮುಂದಿರುವುದು ಓದುಗ ಸೋದರಿಯೊಬ್ಬರ ಕಾಗದ. ಮಗ ತನ್ನ ಹಳೆಯ ನಿಕಾನ್ ಡಿ.ಎಸ್.ಎಲ್.ಆರ್. ಕ್ಯಾಮೆರಾವನ್ನು ಅಮ್ಮನಿಗೆ ಬಿಟ್ಟುಹೋಗಿದ್ದಾನೆ. ಹಿತ್ತಿಲ ಕರಿಬೇವಿನ ಗಿಡದಲ್ಲಿ ಚಿಟ್ಟೆ ಮೊಟ್ಟೆಯಿಡುತ್ತದೆ. ಆ ಮೊಟ್ಟೆಗೆ ರೆಕ್ಕೆ ಬರುವವರೆಗಿನ ಚಿತ್ರ ತೆಗೆಯಬೇಕೆಂಬುದು ಇವರ ಆಸೆ. ಬಟ್ಟೆ ಹೊಲಿದು ಎರಡು ವರ್ಷ ಕೂಡಿಟ್ಟ ಹಣವಿದೆ. ಅಂಗಡಿಯವರು "40 ಮಿಲಿಮೀಟರಿನ ಮ್ಯಾಕ್ರೋ ಲೆನ್ಸು ಸಾಕಮ್ಮ, ಅಗ್ಗ" ಅಂದರಂತೆ. ಯಜಮಾನರು "ಹುಳ ನೋಡೋಕೆ ಇಷ್ಟು ದುಡ್ಡಾ?" ಅಂದರಂತೆ. "ತಪ್ಪು ಲೆನ್ಸು ತಂದು ಬೀರುವಿನಲ್ಲಿಟ್ಟರೆ ಇನ್ನೊಮ್ಮೆ ಕೇಳಲು ನನಗೆ ಬಾಯಿರುವುದಿಲ್ಲ ಅಕ್ಕಾ" ಎಂದು ಬರೆದಿದ್ದಾರೆ.

ಈ ಭಯ ನನಗೆ ಗೊತ್ತು. ನಾನು ಮೊದಲು ತಂದದ್ದೂ ಗಿಡ್ಡ ಲೆನ್ಸೇ. ನಿಂಬೆಗಿಡದ ಬಳಿ ಬಗ್ಗಿದರೆ ನನ್ನ ನೆರಳೇ ಹುಳುವಿನ ಮೇಲೆ! ಚಿಟ್ಟೆಯಂತೂ ನಾನು ಉಸಿರು ಬಿಗಿಹಿಡಿಯುವ ಮೊದಲೇ ಪಕ್ಕದ ಮನೆಯ ಕಾಂಪೌಂಡು ದಾಟಿರುತ್ತಿತ್ತು.

ಮೊದಲು ಒಂದು ಮಾತು ತಿಳಿದಿರಲಿ. ನಿಜವಾದ ಮ್ಯಾಕ್ರೋ ಲೆನ್ಸಿನ ಗುರುತು 1:1. ಅಂದರೆ ಒಂದು ಸೆಂಟಿಮೀಟರಿನ ಹುಳು ಕ್ಯಾಮೆರಾದೊಳಗಿನ ಸೆನ್ಸರಿನ ಮೇಲೂ ಒಂದು ಸೆಂಟಿಮೀಟರೇ ಬೀಳುತ್ತದೆ. ಮ್ಯಾಕ್ರೋ ಎಂದು ಬರೆದ ಜೂಮ್ ಲೆನ್ಸುಗಳೆಲ್ಲ ಹೀಗಿರುವುದಿಲ್ಲ. ವಿವರ ನೋಡಿಯೇ ಹಣ ಎಣಿಸಿ. ನಿಕಾನ್‌ನವರು ಇದನ್ನೇ 'ಮೈಕ್ರೋ' ಎಂದು ಬರೆಯುತ್ತಾರೆ, ಗಾಬರಿಯಾಗಬೇಡಿ.

ನಿಕಾನ್‌ನ 40 ಮಿ.ಮೀ. ಮೈಕ್ರೋ ಲೆನ್ಸೂ 1:1, 105 ಮಿ.ಮೀ. ಲೆನ್ಸೂ 1:1. ಹಾಗಾದರೆ ವ್ಯತ್ಯಾಸವೇನು? ದೂರ! 1:1 ಅಳತೆಯಲ್ಲಿ ತೆಗೆಯುವಾಗ 40ರ ಮೂತಿಗೂ ಹುಳುವಿಗೂ ನಡುವೆ ಉಳಿಯುವುದು ಮೂರು-ನಾಲ್ಕು ಸೆಂಟಿಮೀಟರು. 105ರಲ್ಲಿ ಸುಮಾರು 15. ಕರಿಬೇವಿನ ಹುಳುವನ್ನು ಕೆಣಕಿದರೆ ತಲೆಯ ಹಿಂದಿನಿಂದ ಕೊಂಬಿನಂಥದ್ದನ್ನು ಚಾಚಿ ಘಾಟು ಬಿಡುತ್ತದೆ. ಆದ್ದರಿಂದ ಹುಳು, ಚಿಟ್ಟೆಗಳಿಗೆ 90ರಿಂದ 105ರವರೆಗಿನದೇ ವಾಸಿ. ಅಂಗಡಿಯವರು ಹೇಳಿದ್ದೂ ಸುಳ್ಳಲ್ಲ. ಓಲೆ, ಕಸೂತಿ, ಅಂಚೆಚೀಟಿಗಳಂಥ ಓಡಿಹೋಗದ ವಸ್ತುಗಳಿಗೆ ಗಿಡ್ಡ ಲೆನ್ಸು ಧಾರಾಳ ಸಾಕು.

ಆದರೆ ಈಗಲೇ ಗಂಟು ಬಿಚ್ಚಬೇಡಿ. ಮನೆಯಲ್ಲಿ 50 ಮಿ.ಮೀ. ಲೆನ್ಸಿದೆ ಎಂದಿದ್ದೀರಿ. ಅದಕ್ಕೂ ಕ್ಯಾಮೆರಾಕ್ಕೂ ನಡುವೆ ಸಿಕ್ಕಿಸುವ ಎಕ್ಸ್‌ಟೆನ್ಷನ್ ಟ್ಯೂಬ್ ಎಂಬ ಬಳೆ ಸಿಗುತ್ತದೆ. ಅದರಲ್ಲಿ ಗಾಜಿಲ್ಲ, ಬೆಲೆಯೂ ಕಡಿಮೆ. 25 ಮಿ.ಮೀ. ಬಳೆ ಹಾಕಿದರೆ ಹುಳು ಅದರ ಅರ್ಧ ಅಳತೆಯಲ್ಲಿ ಸೆನ್ಸರಿನ ಮೇಲೆ ಬೀಳುತ್ತದೆ. ಒಳಗೆ ಲೋಹದ ಚುಕ್ಕೆಗಳಿರುವುದನ್ನೇ ಕೇಳಿ. ಇಲ್ಲದಿದ್ದರೆ ಲೆನ್ಸಿನ ಜೊತೆ ಕ್ಯಾಮೆರಾ ಮಾತಾಡುವುದಿಲ್ಲ. ಇದರಲ್ಲೂ ಹತ್ತಿರ ಹೋಗಲೇಬೇಕು, ಆದರೆ ಕಲಿಯಲು ಸಾಕು.

ಕಲಿಯುವುದೂ ಬೇಕಾದಷ್ಟಿದೆ. 1:1ರಲ್ಲಿ ಎಫ್/11 ಇಟ್ಟರೂ ಸ್ಪಷ್ಟವಾಗಿ ಮೂಡುವ ಆಳ ಒಂದು ಮಿಲಿಮೀಟರಿನ ಆಸುಪಾಸು. ಕಣ್ಣು ಚೆನ್ನಾಗಿ ಬಂದರೆ ಬಾಲ ಮಸುಕು. ಗಾಳಿಯಿಲ್ಲದ ಬೆಳಗಿನ ಹೊತ್ತು, ಟ್ರೈಪಾಡು, ತಾಳ್ಮೆ ಮೂರೂ ಬೇಕು.

ಮೊಟ್ಟೆಯಿಂದ ಚಿಟ್ಟೆಯಾಗಲು ಸುಮಾರು ಒಂದು ತಿಂಗಳು. ಆ ಒಂದು ತಿಂಗಳು ಬಳೆಯಿಂದಲೇ ನಡೆಸಿ. ಕೊನೆಯಲ್ಲೂ ಕಾಫಿಗೆ ಮೊದಲೇ ಹಿತ್ತಿಲಿಗೆ ಕಾಲು ಎಳೆಯುತ್ತಿದ್ದರೆ, ಲೆನ್ಸು ಬೀರು ಸೇರುವುದಿಲ್ಲವೆಂದು ತಿಳಿಯಿರಿ. ಧೈರ್ಯವಾಗಿ ಉದ್ದದ್ದನ್ನೇ ಕೊಳ್ಳಿ. ಹಳೆಯದು ಸಿಕ್ಕರೂ ಆದೀತು. ಟಾರ್ಚ್ ಬಿಟ್ಟು ನೋಡಿ, ಒಳಗೆ ಜೇಡರ ಬಲೆಯಂಥ ಎಳೆ ಕಂಡರೆ ಬೂಷ್ಟು ಹಿಡಿದಿದೆ, ಬೇಡ.

ಯಜಮಾನರ ಜೊತೆ ವಾದ ಬೇಡ. ಎಳೆಯ ಹುಳು ನೋಡಲು ಥೇಟ್ ಹಕ್ಕಿಯ ಹಿಕ್ಕೆ! ಅದರ ಚಿತ್ರ ತೋರಿಸಿ, "ಇದೇನು ಹೇಳಿ ನೋಡೋಣ" ಅನ್ನಿ. ಮುಂದಿನ ಚಿತ್ರವನ್ನು ಅವರೇ ಕೇಳಿಯಾರು.

ಅಲ್ಲಿಯವರೆಗೆ ಗಿಡಕ್ಕೆ ಔಷಧಿ ಹೊಡೆಯಬೇಡಿ. ಒಂದು ಕೊಂಬೆಯನ್ನು ಒಗ್ಗರಣೆಗೆ ಕೀಳದೆ ಹುಳುವಿಗೆಂದು ಬಿಡಿ. ಚಿಟ್ಟೆ ಹಾರಿದ ದಿನ ನನಗೊಂದು ಕಾಗದ ಬರೆಯುತ್ತೀರಿ ತಾನೇ?