ಪೈಲಟ್ ಹುದ್ದೆಗೆ ಭಾಷೆಯ ಬೇಲಿ

ವಾಯುಪಡೆಯ ಯುದ್ಧವಿಮಾನ ಪೈಲಟ್‌ಗಳು ಪಳಗುವ ಪ್ರಮುಖ ನೆಲೆಗಳಲ್ಲಿ ಬೀದರ್ ಒಂದು. 2008ರಿಂದ ಅಲ್ಲಿ ಹಾಕ್ ತರಬೇತಿ ವಿಮಾನಗಳು ಹಾರುತ್ತಿವೆ. ಅವುಗಳಲ್ಲಿ ಹೆಚ್ಚಿನವು ತಯಾರಾದದ್ದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ. ನೆಲೆ ನಮ್ಮ ನೆಲದ್ದು, ಕಾರ್ಖಾನೆಯೂ ನಮ್ಮ ನೆಲದ್ದು. ಆದರೆ ಗದಗ ಜಿಲ್ಲೆಯ ಬೆಳವಣಕಿಯಂಥ ಊರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿತ ರೈತನ ಮಗನೋ ಮಗಳೋ ಆ ಕಾಕ್‌ಪಿಟ್ ತಲುಪುವ ದಾರಿ ಎಷ್ಟು ಸುಗಮವಾಗಿದೆ?

ಕನ್ನಡ ನಾಡಿಗೆ ಶೌರ್ಯದ ಕೊರತೆಯಿಲ್ಲ. 1965ರ ಸೆಪ್ಟೆಂಬರ್ 7ರಂದು ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ತಮ್ಮ ಹಳೆಯ ಮಿಸ್ಟೇರ್ ವಿಮಾನದಲ್ಲಿ ಸರ್ಗೋಧಾ ದಾಳಿಗೆ ಹೋಗಿ, ಅದಕ್ಕಿಂತ ಬಹು ವೇಗದ ಸ್ಟಾರ್‌ಫೈಟರನ್ನು ಉರುಳಿಸಿ ಮಡಿದರು. ಅವರಿಗೆ ಮಹಾವೀರ ಚಕ್ರ ಸಂದದ್ದು 1988ರಲ್ಲಿ. ಕೊಡಗಿನಲ್ಲಿ ಸೇನೆಯ ಪರಂಪರೆ ಮನೆಮನೆಯಲ್ಲಿದೆ. ಎರೆಭೂಮಿಯ ಮಕ್ಕಳಿಗೆ ಇರುವುದು ಪರೀಕ್ಷೆಯೆಂಬ ಬಾಗಿಲು ಮಾತ್ರ.

ಆ ಬಾಗಿಲಲ್ಲೇ ತೊಡಕಿದೆ. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪ್ರವೇಶ ಪರೀಕ್ಷೆಯ ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಸೈನಿಕ ಶಾಲೆಯ ಆರನೆಯ ತರಗತಿಯ ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಕೇಂದ್ರ ಸಶಸ್ತ್ರ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆಯನ್ನೂ 2024ರಿಂದ ಬರೆಯಬಹುದು. ಆಡಳಿತ ಸೇವೆಯಲ್ಲಿದ್ದ ನಾನು ಬಲ್ಲಂತೆ, ನಾಗರಿಕ ಸೇವೆಗಳ ಮುಖ್ಯ ಪರೀಕ್ಷೆಗೂ ಕನ್ನಡ ಸಲ್ಲುತ್ತದೆ. ಪೇದೆಯಾಗಲು, ಜಿಲ್ಲಾಧಿಕಾರಿಯಾಗಲು ಒಪ್ಪಿತವಾದ ಭಾಷೆ ಪೈಲಟ್ ಆಗಲು ಏಕೆ ಒಲ್ಲದು?

ಆಕಾಶದ ಭಾಷೆ ಇಂಗ್ಲಿಷ್ ಎಂಬ ವಾದದಲ್ಲಿ ಹುರುಳಿದೆ. ಆದ್ದರಿಂದ 900 ಅಂಕಗಳಲ್ಲಿ ಇಂಗ್ಲಿಷಿಗೆ ಮೀಸಲಾದ 200 ಅಂಕಗಳು ಹಾಗೆಯೇ ಇರಲಿ. ಗಣಿತ, ವಿಜ್ಞಾನ, ಇತಿಹಾಸದ ಪ್ರಶ್ನೆಗಳು ಕನ್ನಡದಲ್ಲೂ ಇದ್ದರೆ ಗುಣಮಟ್ಟ ಕುಸಿಯದು. ಅಕಾಡೆಮಿಯ ಮೂರು ವರ್ಷ ಹಾಗೂ ನಂತರದ ಹಾರಾಟ ತರಬೇತಿಯ ಅವಧಿ ಇಂಗ್ಲಿಷ್ ರೂಢಿಸಿಕೊಳ್ಳಲು ಸಾಕು. ಪದವಿಪೂರ್ವದಲ್ಲಿ ವಿಜ್ಞಾನವನ್ನು ಇಂಗ್ಲಿಷಿನಲ್ಲೇ ಓದುತ್ತಾರಲ್ಲ ಎನ್ನುವವರು, ಎರಡು ವರ್ಷದ ಓದು ಹತ್ತು ವರ್ಷದ ಅಂತರವನ್ನು ಅಳಿಸದೆಂಬುದನ್ನು ಮರೆಯಬಾರದು.

ಇದರಲ್ಲಿ ಅರ್ಥಶಾಸ್ತ್ರವೂ ಇದೆ. ಖಾಸಗಿ ಪೈಲಟ್ ತರಬೇತಿಗೆ ಹಲವು ಲಕ್ಷ ರೂಪಾಯಿ ಬೇಕು. ಸರ್ಕಾರವೇ ವೆಚ್ಚ ಭರಿಸಿ ಹಾರಲು ಕಲಿಸುವುದು ವಾಯುಪಡೆಯಲ್ಲಿ. ಒಣಬೇಸಾಯದ ಕುಟುಂಬಕ್ಕೆ ನಿಲುಕುವ ದಾರಿ ಅದೊಂದೇ.

ಸುಪ್ರೀಂ ಕೋರ್ಟಿನ 2021ರ ಆದೇಶ ಹೆಣ್ಣುಮಕ್ಕಳಿಗೆ ಅಕಾಡೆಮಿಯ ಬಾಗಿಲು ತೆರೆಯಿತು. ಭಾಷೆಯ ಬೇಲಿ ತೆಗೆಯಲು ಕೋರ್ಟಿನವರೆಗೆ ಹೋಗಬೇಕಾಗಿಲ್ಲ. ನಮ್ಮ ಸಂಸದರು ಪಕ್ಷಭೇದ ಮರೆತು ಕೇಳಬೇಕು. ರಾಜ್ಯ ಸರ್ಕಾರ ತಾಲ್ಲೂಕು ಕಾಲೇಜುಗಳಲ್ಲಿ ಈ ಪರೀಕ್ಷೆಗೆ ತರಬೇತಿ ಆರಂಭಿಸಬೇಕು. ವಿಮಾನ ಕಟ್ಟುವ ನಾಡಿನ ಹಳ್ಳಿಗಳಿಂದ ಅದನ್ನು ಹಾರಿಸುವವರೂ ಬರಲಿ.