ಪದವಿಯೋ, ವೃತ್ತಿವಿದ್ಯೆಯೋ?

ಭಟ್ಕಳದ ಕಡೆಯಿಂದಲೂ ಕುಮಟಾದ ಕಡೆಯಿಂದಲೂ ಬೆಳಗಿನ ಬಸ್ಸು ಹಿಡಿದು ಹೊನ್ನಾವರಕ್ಕೆ ಬರುವ ನಮ್ಮಂಥ ಅಂತಿಮ ಬಿ.ಎ. ವಿದ್ಯಾರ್ಥಿಗಳಿಗೆ ಈ ವರ್ಷ ಎದುರಾಗುವ ಪ್ರಶ್ನೆ ಒಂದೇ: "ಮುಂದೇನು?" ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲಿಗಳು. ಆದ್ದರಿಂದ ಈ ಪ್ರಶ್ನೆಗೆ ಮನೆಯಲ್ಲಿ ಸಿದ್ಧವಾದ ಉತ್ತರವಿಲ್ಲ.

ಬೆಂಗಳೂರಿನಲ್ಲಿರುವ ಸೋದರಮಾವ ಮಾತ್ರ ಉತ್ತರ ಇಟ್ಟುಕೊಂಡಿದ್ದಾರೆ: "ಬಿ.ಎ. ಎಂದರೆ ಬರಿಯ ಕಾಗದ. ಅದನ್ನು ಬಿಟ್ಟು ಬಾ, ಆರು ತಿಂಗಳ ಎಚ್.ಆರ್. ಸರ್ಟಿಫಿಕೇಟು ಮಾಡಿಕೋ. ಯಾವುದಾದರೂ ಕಂಪನಿಯಲ್ಲಿ ಕೆಲಸ ಸಿಕ್ಕೀತು." ಎಚ್.ಆರ್. ಎಂದರೆ ಮಾನವ ಸಂಪನ್ಮೂಲ ನಿರ್ವಹಣೆ. ನೌಕರರ ನೇಮಕ, ಹಾಜರಿ, ಸಂಬಳ, ರಜೆ, ಕುಂದುಕೊರತೆಗಳನ್ನು ನೋಡಿಕೊಳ್ಳುವ ಕೆಲಸ. ಮಾವನ ಮಾತನ್ನು ನಕ್ಕು ತಳ್ಳಿಹಾಕಲಾರೆ. ಪದವಿ ಪಡೆದು ಮೂರು ನಾಲ್ಕು ವರ್ಷ ಸ್ಪರ್ಧಾ ಪರೀಕ್ಷೆಗಳ ಅರ್ಜಿ ತುಂಬುತ್ತ ಕುಳಿತ ಅಣ್ಣಂದಿರನ್ನು ನಾವೆಲ್ಲ ಕಂಡಿದ್ದೇವೆ. ಜ್ಞಾನಕ್ಕಾಗಿ ಜ್ಞಾನ ಎಂಬ ಮಾತು ವೇದಿಕೆಯ ಮೇಲೆ ಶೋಭಿಸುತ್ತದೆ. ಅಕ್ಕಿಯ ಡಬ್ಬ ತುಂಬಿಸುವುದಿಲ್ಲ.

ಆದರೂ ನನ್ನ ಅಭಿಪ್ರಾಯ ಬೇರೆಯಾಗಲು ಒಂದು ಪ್ರಸಂಗ ಕಾರಣವಾಯಿತು.

ನನ್ನ ಅಮ್ಮ 11 ವರ್ಷ ಗೇರುಬೀಜದ ಕಾರ್ಖಾನೆಯೊಂದರಲ್ಲಿ ದುಡಿದು, 2023ರಲ್ಲಿ ಬೆನ್ನುನೋವು ತಾಳಲಾರದೆ ಕೆಲಸ ಬಿಟ್ಟಳು. ಲೆಕ್ಕ ಕೇಳಲು ನಾನೂ ಜೊತೆಗೆ ಹೋದೆ. ಕಚೇರಿಯಲ್ಲಿ ಹೆಚ್ಚುಕಡಿಮೆ ನನ್ನದೇ ವಯಸ್ಸಿನ ಹುಡುಗಿ, ಮಾವ ಹೇಳಿದಂಥದೇ ಸರ್ಟಿಫಿಕೇಟು ಪಡೆದವಳು, ಕಂಪ್ಯೂಟರಿನಲ್ಲಿ ಹಾಜರಿ ನೋಡಿ, "ತಾವಾಗಿಯೇ ಬಿಟ್ಟವರಿಗೆ ಏನೂ ಬರುವುದಿಲ್ಲ, ಅಮ್ಮಾ" ಎಂದಳು. ಗೇರುಸಿಪ್ಪೆಯ ಎಣ್ಣೆಯಿಂದ ಕಪ್ಪಾದ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅಮ್ಮ ಹೊರಬಂದಳು.

ನನಗೆ ಸಮಾಧಾನವಾಗಲಿಲ್ಲ. ಗ್ರಂಥಾಲಯದಲ್ಲಿ ಹುಡುಕಿ 1972ರ ಗ್ರಾಚ್ಯುಟಿ ಕಾಯಿದೆಯನ್ನು ಓದಿದೆ. ಸತತವಾಗಿ ಐದು ವರ್ಷ ದುಡಿದವರು ರಾಜೀನಾಮೆ ಕೊಟ್ಟರೂ, ವರ್ಷಕ್ಕೆ 15 ದಿನಗಳ ವೇತನದಂತೆ ಅವರಿಗೆ ಹಣ ಸಲ್ಲಬೇಕೆಂದು ಅದರಲ್ಲಿ ಸ್ಪಷ್ಟವಾಗಿತ್ತು. ತಿಂಗಳಿಗೆ 26 ದಿನವೆಂದು ಲೆಕ್ಕ. ಅಮ್ಮನಿಗೆ ಕಡೆಯಲ್ಲಿ ಬರುತ್ತಿದ್ದುದು ತಿಂಗಳಿಗೆ 10,400 ರೂಪಾಯಿ. ಎಂದರೆ ದಿನಕ್ಕೆ 400. 15 ದಿನಕ್ಕೆ 6,000. 11 ವರ್ಷಕ್ಕೆ 66,000. ಅರ್ಜಿ ಬರೆದೆ. ಉತ್ತರ ಬಾರದಿರಲು, ಕಾಯಿದೆಯ ಕಲಮನ್ನು ಕಾಣಿಸಿ ಮತ್ತೊಂದು ಬರೆದೆ. ಹಣ ಬಂತು. ರಸೀದಿಗೆ ರುಜು ಹಾಕಿಸಿಕೊಳ್ಳುವಾಗ ಆ ಹುಡುಗಿ ಮೆಲ್ಲಗೆ, "ನಮಗೆ ಇದನ್ನು ಕಲಿಸಿರಲಿಲ್ಲ" ಎಂದಳು.

ಅವಳ ಮೇಲೆ ನನಗೆ ಸಿಟ್ಟಿಲ್ಲ. ನಿಜ ಹೇಳಬೇಕೆಂದರೆ ನನಗೂ ಅದನ್ನು ಯಾರೂ ಕಲಿಸಿರಲಿಲ್ಲ. ಅವಳಿಗೆ ಕಚೇರಿಯ ಕೆಲಸ ಬರುತ್ತಿತ್ತು, ಕಾಯಿದೆ ತಿಳಿಯದು. ನನಗೆ ಪುಸ್ತಕ ಹುಡುಕಿ ಓದಿ ಅರ್ಥಮಾಡಿಕೊಳ್ಳಲು ಬರುತ್ತಿತ್ತು, ಕಾರ್ಖಾನೆ ತಿಳಿಯದು. ಇಬ್ಬರ ವಿದ್ಯೆಯೂ ಅರ್ಧ.

ಹಾಗಾದರೆ ಅದು ಪೂರ್ಣವಾಗುವ ಬಗೆ ಯಾವುದು? ಈ ವೃತ್ತಿ ನಿನ್ನೆ ಮೊನ್ನೆಯದಲ್ಲ. ನಮ್ಮ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲೇ, 1936ರಲ್ಲಿ, ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಮುಂಬಯಿಯಲ್ಲಿ ಆರಂಭವಾಯಿತು. 500 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಕಲ್ಯಾಣಾಧಿಕಾರಿ ಇರಲೇಬೇಕೆಂದು 1948ರ ಕಾರ್ಖಾನೆಗಳ ಕಾಯಿದೆ ವಿಧಿಸಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಆ ಸಂಖ್ಯೆ 250ಕ್ಕೆ ಇಳಿದಿದೆ. ನಾನು ಓದಿದ ಗ್ರಾಚ್ಯುಟಿ ಕಾಯಿದೆಯ ಸ್ಥಾನವನ್ನೂ ಅದೇ ದಿನ ಸಾಮಾಜಿಕ ಭದ್ರತಾ ಸಂಹಿತೆ ಪಡೆದುಕೊಂಡಿತು. ಆರು ತಿಂಗಳಲ್ಲಿ ಬಾಯಿಪಾಠ ಮಾಡಿದ ನಿಯಮ ಹೀಗೆ ಒಂದೇ ದಿನದಲ್ಲಿ ಹಳತಾಗಬಹುದು. ಹೊಸದನ್ನು ತಾನೇ ಓದಿ ತಿಳಿಯುವ ಶಕ್ತಿ ಹಳತಾಗದು. ಪದವಿಯ ಮೂರು ವರ್ಷಗಳು ಕೊಡಬೇಕಾದುದು ಆ ಶಕ್ತಿಯನ್ನೇ.

ಆದ್ದರಿಂದ ಪದವಿ ಅಡಿಗಲ್ಲಾಗಲಿ, ವೃತ್ತಿವಿದ್ಯೆ ಅದರ ಮೇಲಿನ ಗೋಡೆಯಾಗಲಿ. ಧಾರವಾಡದ ನಮ್ಮ ಕರ್ನಾಟಕ ವಿಶ್ವವಿದ್ಯಾಲಯದಲ್ಲೂ, 1960ರಲ್ಲಿ ಆರಂಭವಾದ ಮಂಗಳೂರಿನ ರೋಶನಿ ನಿಲಯದಲ್ಲೂ ಸಮಾಜಕಾರ್ಯದ ಸ್ನಾತಕೋತ್ತರ ತರಗತಿಗಳಿವೆ. ಕಾರ್ಮಿಕ ಕಲ್ಯಾಣವೂ ಸಿಬ್ಬಂದಿ ನಿರ್ವಹಣೆಯೂ ಆ ಶಾಸ್ತ್ರಕ್ಕೆ ಸೇರಿದವು. ಕಲಾ ಪದವೀಧರರಿಗೆ ಅಲ್ಲಿ ಪ್ರವೇಶವುಂಟು; ಪದವಿಯನ್ನು ನಡುವೆ ಬಿಟ್ಟವರಿಗೆ ಆ ಬಾಗಿಲು ತೆರೆಯದು. ಮನೆಯ ಸ್ಥಿತಿ ಎರಡು ವರ್ಷ ಕಾಯಗೊಡದಿದ್ದರೆ ಚಿಕ್ಕ ಸರ್ಟಿಫಿಕೇಟನ್ನೇ ಮಾಡಿಕೊಳ್ಳೋಣ, ಅದರಲ್ಲಿ ಅವಮಾನವಿಲ್ಲ. ಆದರೆ ಪದವಿಯ ನಂತರ ಮಾಡಿಕೊಳ್ಳೋಣ; ಪದವಿಯ ಬದಲಿಗೆ ಬೇಡ.

ಅಮ್ಮನ ಆ 66,000 ರೂಪಾಯಿ ಬ್ಯಾಂಕಿನಲ್ಲಿದೆ. ಮಾವ ಹೇಳಿದ ಸರ್ಟಿಫಿಕೇಟಿಗೂ ಅದೇ ಹಣ, ಧಾರವಾಡಕ್ಕೂ ಅದೇ ಹಣ, ಎರಡಕ್ಕೂ ಸಾಲದು. ಧಾರವಾಡಕ್ಕೆ ಅರ್ಜಿ ಹಾಕುವುದೆಂದು ನಿಶ್ಚಯಿಸಿದ್ದೇನೆ. ಇನ್ನೆರಡು ವರ್ಷ ಮನೆಗೆ ನನ್ನ ದುಡಿಮೆ ಇಲ್ಲವೆಂಬ ಅಳುಕು ಇದ್ದೇ ಇದೆ. ಅಮ್ಮ ಮಾತ್ರ, "ಆ ಕುರ್ಚಿಯಲ್ಲಿ ಕೂತವರಿಗೆ ಗೊತ್ತಿರಬೇಕಾದ್ದನ್ನೆಲ್ಲ ಕಲಿತು ಬಾ" ಎಂದಿದ್ದಾಳೆ.

ಗುರುವೃಂದದಲ್ಲಿ ನನ್ನದೊಂದು ವಿನಂತಿ. ನಮ್ಮ ಅರ್ಥಶಾಸ್ತ್ರ, ಸಮಾಜಶಾಸ್ತ್ರದ ಪಾಠಗಳ ಜೊತೆಗೆ ವಾರಕ್ಕೊಂದು ಗಂಟೆ ವೇತನ, ಭವಿಷ್ಯನಿಧಿ, ಗ್ರಾಚ್ಯುಟಿಗಳ ಲೆಕ್ಕವನ್ನು ಹೇಳಿಕೊಡಿರಿ. ಈ ಕಾಲೇಜಿನ ಬೆಂಚುಗಳಲ್ಲಿ ಕುಳಿತವರಲ್ಲಿ ಎಷ್ಟೋ ಮಂದಿಯ ತಾಯಂದಿರು ಇಂದೂ ಗೇರುಬೀಜ ಸುಲಿಯುತ್ತಿದ್ದಾರೆ. ಆ ಲೆಕ್ಕ ಮೊದಲು ಅವರ ಮನೆಗಳಿಗೆ ತಲುಪಲಿ.