ಬೆಂಕಿ ಆರಿದ ಮೇಲೆ ಗುಡ್ಡದ ಮಣ್ಣು

2019ರ ಫೆಬ್ರುವರಿಯಲ್ಲಿ ಬಂಡೀಪುರದ ಗೋಪಾಲಸ್ವಾಮಿ ಬೆಟ್ಟದ ಸುತ್ತ ಹಬ್ಬಿದ ಕಾಡ್ಗಿಚ್ಚನ್ನು ನಂದಿಸಲು ವಾಯುಪಡೆಯ ಹೆಲಿಕಾಪ್ಟರುಗಳೇ ಬರಬೇಕಾಯಿತು. 10,000 ಎಕರೆಗೂ ಮಿಗಿಲಾದ ಕಾಡು ಸುಟ್ಟಿತು. ಜ್ವಾಲೆ ಆರಿದೊಡನೆ ಸುದ್ದಿಯೂ ಆರಿತು. ಆದರೆ ಇಳಿಜಾರಿನ ಮಣ್ಣಿಗೆ ಗಂಡಾಂತರ ಒದಗುವುದು ಆ ಬಳಿಕ, ಮೊದಲ ಮಳೆಯೊಡನೆ.

ಬನಹಟ್ಟಿ, ಮುಧೋಳ, ಬೀಳಗಿಗಳ ಕಡೆ ಅಂಥ ದಟ್ಟ ಕಾಡಿಲ್ಲ, ನಿಜ. ಕುರುಚಲು ಗುಡ್ಡಗಳಿವೆ, ಚಿಂಕಾರಗಳ ಯಡಹಳ್ಳಿ ವನ್ಯಧಾಮವಿದೆ. ಆದರೆ ಇಲ್ಲಿ ಕಲ್ಲಿನ ಮೇಲಿನ ಮಣ್ಣಿನ ಪದರ ತೀರ ತೆಳುವು. ಕಳೆದುಕೊಳ್ಳಲು ನಮ್ಮಲ್ಲಿರುವುದೇ ಅಷ್ಟು.

ಹುಲ್ಲಿಗೆ ಬಿದ್ದ ಬೆಂಕಿ ಬೇಗ ಸರಿದುಹೋಗುತ್ತದೆ, ಬೇರು ಉಳಿಯುತ್ತದೆ. ಪೊದೆಗಳೂ ಒಣ ಕೊರಡುಗಳೂ ಗಂಟೆಗಟ್ಟಲೆ ಉರಿದಲ್ಲಿ ಸಂಗತಿಯೇ ಬೇರೆ. ತರಗೆಲೆಯ ಹೊದಿಕೆ ಬೂದಿಯಾಗುತ್ತದೆ. ಮಣ್ಣಿನ ಕಣಗಳನ್ನು ಬೆಸೆದಿದ್ದ ಸಾವಯವ ಅಂಶ ಉರಿದುಹೋಗುತ್ತದೆ. ಎಲೆಗಳಲ್ಲಿದ್ದ ಮೇಣದಂಥ ಪದಾರ್ಥ ಆವಿಯಾಗಿ ಕೆಳಗಿಳಿದು, ತಂಪಾದ ಕಣಗಳಿಗಂಟಿ, ನೀರನ್ನು ಒಲ್ಲದ ಪದರವೊಂದು ಏರ್ಪಡುವುದುಂಟು. ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು: ಸುಟ್ಟ ನೆಲದ ಬೂದಿಯನ್ನು ಸರಿಸಿ ಒಂದು ಹನಿ ನೀರು ಬಿಡಿ. ಇಂಗದೆ ಮುತ್ತಿನಂತೆ ನಿಂತರೆ, ಭರಣಿ ಮಳೆಯ ಒಂದೇ ಹೊಡೆತಕ್ಕೆ ಬೂದಿಯೂ ಮಣ್ಣೂ ಕೂಡಿ ಹಳ್ಳ ಸೇರುವುದೆಂದು ತಿಳಿಯಿರಿ. ಕೊನೆಗೆ ಹೂಳು ತುಂಬುವುದು ನಮ್ಮದೇ ಕೆರೆಗಳಲ್ಲಿ.

ಇಂಥ ಹೊತ್ತಿನಲ್ಲಿ ಸಸಿ ನೆಡುವ ಉತ್ಸಾಹ ಎಲ್ಲರಿಗೂ ಉಕ್ಕುತ್ತದೆ. (ಛಾಯಾಚಿತ್ರಕ್ಕೂ ಅದು ಅನುಕೂಲ.) ಸಡಿಲವಾದ ಇಳಿಜಾರಿನಲ್ಲಿ ಗುಂಡಿ ತೋಡುವುದು, ಯಂತ್ರ ಹತ್ತಿಸಿ ಕಂದಕ ತೆಗೆಯುವುದು ಆ ವರ್ಷದ ಮಟ್ಟಿಗೆ ಸಲ್ಲದು. ಕರಕಲಾದ ಮೋಟುಗಳನ್ನೂ ಕೀಳಬಾರದು. ಮಣ್ಣನ್ನು ಹಿಡಿದಿರುವುದು ಅವುಗಳ ಬೇರೇ, ಎಷ್ಟೋ ಮೋಟುಗಳು ಮತ್ತೆ ಚಿಗುರುತ್ತವೆ ಕೂಡ. ಆಗಬೇಕಾದುದು ನೆಲಕ್ಕೆ ಹೊದಿಕೆ. ಅಮೆರಿಕ, ಸ್ಪೇನ್ ದೇಶಗಳ ಸುಟ್ಟ ಬೆಟ್ಟಗಳಲ್ಲಿ ಬರಿಯ ಬೀಜ ಚೆಲ್ಲುವುದಕ್ಕಿಂತ ಒಣಹುಲ್ಲು ಹರಡುವುದೇ ಮಣ್ಣನ್ನು ಹೆಚ್ಚು ಉಳಿಸಿದೆ.

ನಮ್ಮಲ್ಲಿ ಜೋಳದ ಕಣಿಕೆ ದನಗಳಿಗೇ ಸಾಲದು. ಆದರೆ ಕಬ್ಬಿನ ರವದಿ? ಕಟಾವು ಮುಗಿದೊಡನೆ ಹೊಲಹೊಲಗಳಲ್ಲಿ ಅದಕ್ಕೆ ಬೆಂಕಿಯಿಡುತ್ತೇವೆ. ಗುಡ್ಡದ ಬುಡದಲ್ಲಿ ಸುಡುವ ಈ ವಸ್ತುವೇ ಮೇಲಿನ ಸುಟ್ಟ ನೆಲಕ್ಕೆ ಬೇಕಾದುದು. ಮಳೆಗೆ ಮುನ್ನವೇ ಕೈಗೆ ಸಿಗುವಂಥದು. ಇಡೀ ಗುಡ್ಡಕ್ಕೆ ಹೊರುವುದು ಅಸಾಧ್ಯ. ಹಳ್ಳದ ನೆತ್ತಿ, ಕಡಿದಾದ ಮಗ್ಗುಲು ಇಷ್ಟಕ್ಕೆ ಹರಡಿ, ಗಾಳಿಗೆ ಹಾರದಂತೆ ಕಲ್ಲು ಹೇರಿದರೂ ಸಾಕು. ಅರಣ್ಯ ಭೂಮಿಯಾದರೆ ಇಲಾಖೆಯ ಅನುಮತಿ ಮೊದಲು.

ಉಳಿದುದು ಮೇವಿನ ಪ್ರಶ್ನೆ. ಸುಟ್ಟ ಗುಡ್ಡಕ್ಕೆ ಕುರಿ ಮೇಕೆಗಳನ್ನು ಒಂದೆರಡು ಮಳೆಗಾಲವಾದರೂ ಬಿಡಬಾರದು. ಈ ನಿರ್ಧಾರವನ್ನು ಕುರಿಗಾಹಿಗಳನ್ನು ಹೊರಗಿಟ್ಟು ಕೈಗೊಂಡರೆ ಅದು ಒಂದು ತಿಂಗಳೂ ನಿಲ್ಲದು. ಅವರ ಹಿಂಡಿಗೆ ಬೇರೆ ಯಾವ ಗುಡ್ಡ ಎಂಬುದು ಮೊದಲು ಊರ ಸಭೆಯಲ್ಲಿ ತೀರ್ಮಾನವಾಗಲಿ.